ಅಂಗೈಗೆ ಒಸಿ ಎಣ್ಣೆ

ಚಪ್ಪಲಿ ಬಿಡಲು ಜಾಗ ಹುಡುಕುತ್ತಾ ನೂರೀನ್ ಅದೇ ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಕೈಯಲ್ಲಿದ್ದ ಚೆಂಡುಹೂವಿನ ಹಾರದಿಂದ ನೀರು ತೊಟ್ಟಿಕ್ಕಿ ಕುರ್ತಾದ ತೋಳು ಒದ್ದೆಯಾಗಿತ್ತು. ಬೈರಾಪಟ್ಟಣದ ಆ ಹೆಂಚಿನ ಮನೆಯ ಮುಂದೆ, ಶಾಮಿಯಾನದ ನೆರಳಲ್ಲಿ ಶಿವಲಿಂಗಮ್ಮನನ್ನು ಮಲಗಿಸಿದ್ದರು. ನಿನ್ನೆ ಸಂಜೆಯವರೆಗೂ ರಾಮನಗರದಲ್ಲಿ ನೂರೀನಳ ರೇಷ್ಮೆ ಕಾರ್ಖಾನೆಯಲ್ಲಿ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚಿದ್ದ ಹೆಂಗಸು, ಉಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

ನೂರೀನಳ ಕಣ್ಣು ಹೆಣದ ಮೇಲೆ ನಿಲ್ಲಲಿಲ್ಲ. ಅದರಾಚೆ ಕೂತಿದ್ದ ಕಾರ್ಖಾನೆಯ ಹೆಂಗಸರ ಮೇಲೆ ಹರಿದಾಡಿತು. ಎಲ್ಲರೂ ಬಂದಿದ್ದರು. ಅತ್ತ ಕಾರ್ಖಾನೆಯಲ್ಲಿ ಮಾರ್ಕೆಟ್ಟಿನಿಂದ ತಂದ ಗೂಡು ಹಾಗೇ ಬಿದ್ದಿತ್ತು. ನಾಳಿದ್ದಿನೊಳಗೆ ಬಿಚ್ಚದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಸಿಗದು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಸೋಮವಾರದಿಂದ ನಾವು ಗಾರ್ಮೆಂಟ್ಸಿಗೆ ಹೋಗುತ್ತೇವೆ ಎಂದು ಅವರಲ್ಲೊಬ್ಬಳಾದ ಭಾನುಪ್ರಿಯ ಮೊನ್ನೆ ಹೇಳಿದ್ದಳು. ಅವಳ ಜೊತೆ ಯಾರು ಯಾರು ಎಂದು ಹೇಳಿರಲಿಲ್ಲ. ಎಲ್ಲರೂ ಹೋದರೆ ಬೀಗ ಹಾಕುವುದೊಂದೇ ಬಾಕಿ. ಸಾವಿನ ಮನೆಯಲ್ಲಿ ಕೇಳುವ ಮಾತಲ್ಲ. ಕೇಳದೆ ಕೂರಲೂ ಆಗದು. ಇದೇ ಭಾನುಪ್ರಿಯ ಬೆಳಿಗ್ಗೆ ಇಲ್ಲಿಗೆ ಹೊರಟ ಆಟೊ ಹತ್ತಿದವಳು ಮತ್ತೆ ಇಳಿದು ಕಾರ್ಖಾನೆಯೊಳಗೆ ಓಡಿ ಎಲ್ಲರನ್ನೂ ಕಾಯಿಸಿದ್ದಳು. ಗೇಟಿನಲ್ಲಿ ನಿಂತಿದ್ದ ನೂರೀನ್ ಸಿಡಿಮಿಡಿಗೊಂಡಿದ್ದಳು.

ಹಾರ ಹಾಕಲು ಬಾಗಿದಾಗ ತಲೆಯ ಬಳಿ ಇಟ್ಟಿದ್ದ ಫೋಟೊ ಕಂಡಿತು. ನೂರೀನಳೇ ಮಾಡಿಸಿ ಕೊಟ್ಟದ್ದು. ಸುತ್ತ ಬಂಗಾರದ ಬಣ್ಣದ ಅಂಚು. ಕೆಳಗೆ ದಪ್ಪ ಅಕ್ಷರದಲ್ಲಿ 'ತಿಂಗಳ ಶ್ರೇಷ್ಠ ಕೆಲಸಗಾರ್ತಿ.'

ಪಕ್ಕದಲ್ಲಿ ಕೂತಿದ್ದ ಸತ್ತವಳ ತಮ್ಮ ಬೋರಲಿಂಗಯ್ಯ ತಲೆ ಎತ್ತಿ ನೋಡಿದ.

"ನಮ್ಮಕ್ಕ ವರ್ಸೆಲ್ಲ ಗೆಯ್ದೋಳು ಕಣವ್ವ. ಒಂದೇ ತಿಂಗ್ಳಿಗೆ ಮುಗಿಸ್ಬುಟ್ಟಿದ್ದೀರಿ."

ಅಲ್ಲಿದ್ದವರಲ್ಲಿ ಯಾರೋ ಸೆರಗಿನೊಳಗೆ ನಕ್ಕರು. ಶಿವಲಿಂಗಮ್ಮನ ಮಗ ಸ್ವಾಮಿ ಮುಜುಗರಪಟ್ಟುಕೊಂಡು ಹತ್ತಿರ ಬಂದ.

"ಬ್ಯಾರೆ ಫೋಟೋನೇ ಇರ್ಲಿಲ್ಲ ಮೇಡಂ. ಇದು ರಾಗಿ ಡ್ರಮ್ಮಿನ ಹಿಂದೆ ಸಿಕ್ತು. ಗೋಡೆಗೆ ಹಾಕನ ಅಂದ್ರೆ ಬ್ಯಾಡ ಅನ್ನೋಳು."

"ಯಾಕೆ?"

ಸ್ವಾಮಿ ಕಾರ್ಖಾನೆಯ ಹೆಂಗಸರ ಕಡೆ ನೋಡಿ ದನಿ ತಗ್ಗಿಸಿದ. "ಅವ್ರೆಲ್ಲ ನಮ್ಮನೆಗೆ ಬತ್ತಾ ಇರ್ತಾರೆ. ಕಂಡ್ರೆ ಬ್ಯಾಸ್ರ ಮಾಡ್ಕತ್ತಾರೆ ಅನ್ನೋಳು."

*

ವರ್ಷಗಳ ಹಿಂದೆ, ಕಾರ್ಖಾನೆ ನಡೆಸುತ್ತಿದ್ದ ಅಪ್ಪ ಗಫಾರ್ ಸಾಹೇಬರಿಗೆ ಲಕ್ವ ಹೊಡೆದ ವಾರ, ಕೆಲಸ ಕಲಿಯಲೆಂದು ನೂರೀನ್ ತಾನೇ ಬೇಸಿನ್ನಿನ ಮುಂದೆ ಕೂತಿದ್ದಳು. ಹಗಲೆಲ್ಲ ಅವಳ ಎಳೆ ತುಂಡಾಗುತ್ತಲೇ ಇತ್ತು. ಬಿಸಿನೀರಿಗೆ ಬೆರಳ ತುದಿ ಕೆಂಪಾಗಿ ಉರಿಯುತ್ತಿತ್ತು. ಸಂಜೆ ಒಲೆ ಆರಿಸಿದ ಮೇಲೆ ಶಿವಲಿಂಗಮ್ಮ ಕಿಟಕಿಯಿಂದ ಹರಳೆಣ್ಣೆಯ ಶೀಸೆ ತೆಗೆದಳು. ಹೆಂಗಸರು ಸಾಲಾಗಿ ನಿಂತರು. ಅವಳು ಒಬ್ಬೊಬ್ಬರ ಅಂಗೈಗೂ ಎಣ್ಣೆ ಬಿಟ್ಟು, ತಿಕ್ಕುತ್ತಾ, ಆ ದಿನದ ಕೆಲಸದ ಒಂದು ಮಾತು ಹೇಳಿದಳು. ಒಬ್ಬಳಿಗೆ ನಿನ್ನ ನೂಲು ಇವತ್ತು ಸಣ್ಣಗೆ ಬಂತು ಅಂದಳು. ಇನ್ನೊಬ್ಬಳಿಗೆ, ಯಾರೂ ಹೇಳದೆಯೇ ನೀನು ಪಕ್ಕದವಳ ಬೇಸಿನ್ನಿಗೂ ನೀರು ಹೊಯ್ದೆ ಅಂದಳು. ದಿನವೂ ಹೀಗೇ, ಆದರೆ ನಿನ್ನೆ ಹೇಳಿದ್ದನ್ನು ಇವತ್ತು ಹೇಳುತ್ತಿರಲಿಲ್ಲ. ತನ್ನ ಸರದಿ ಬಂದಾಗ ನೂರೀನ್ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ಕೈ ತತ್ತಾ ಕೂಸೇ."

"ನಂದು ಒಂದೂ ಸರಿಯಾಗಿ ಬರಲಿಲ್ಲ ಅಕ್ಕ."

"ಎದ್ದೋಗ್ಲಿಲ್ವಲ್ಲ. ಕಣ್ಣಲ್ಲಿ ನೀರ್ ಹಾಕ್ಕಂಡೆ, ಎದ್ದೋಗ್ಲಿಲ್ಲ. ನಾನ್ ನೋಡ್ದೆ."

ಮುಂದೆ ನೂರೀನ್ ಕೆಲಸದಲ್ಲಿ ನುರಿತಳು. ಬೆಂಗಳೂರಿನಲ್ಲಿ ತರಬೇತಿಯೊಂದಕ್ಕೆ ಹೋಗಿ, ಕೆಲಸದವರನ್ನು ಗೌರವಿಸುವ ಬಗೆ ಕಲಿತು ಬಂದಳು. ತಿಂಗಳಿಗೊಬ್ಬರ ಫೋಟೊ, ಒಂದು ಹಾಟ್‌ಪ್ಯಾಕು, ಎಲ್ಲರ ಚಪ್ಪಾಳೆ. ಎಣ್ಣೆ ಸುತ್ತಿಟ್ಟ ನೂಲಿನ ಲಡಿಗೆ ತಾಗುತ್ತದೆ, ಬಸ್ಸಿಗೂ ಹೊತ್ತಾಗುತ್ತದೆ, ಇನ್ನು ಮನೆಯಲ್ಲೇ ಹಚ್ಚಿಕೊಳ್ಳಿ ಎಂದಳು. ಶಿವಲಿಂಗಮ್ಮ ಶೀಸೆಗೆ ಮುಚ್ಚಳ ಹಾಕಿ ಕಿಟಕಿಯಲ್ಲಿಟ್ಟಳು. ಮೊದಲ ಫೋಟೊ ಅವಳದೇ ಆಗಿತ್ತು.

*

ಹೆಣಕ್ಕೆ ನೀರು ಹಾಕುವ ಮುಂಚೆ, ಎಣ್ಣೆ ಮುಟ್ಟಿಸೋರು ಬನ್ನಿ ಎಂದು ಬೋರಲಿಂಗಯ್ಯ ಕರೆದ. ನೆಂಟರು ಗರಿಕೆಯಲ್ಲಿ ಅದ್ದಿ ನೆತ್ತಿಗೆ ಮುಟ್ಟಿಸಿ ಸರಿದರು. ಭಾನುಪ್ರಿಯ ನೆತ್ತಿಯ ಕಡೆ ಹೋಗಲಿಲ್ಲ. ಮಗ್ಗುಲಲ್ಲಿ ಕೂತು, ಸೆಟೆದ ಬಲಗೈ ಎತ್ತಿಕೊಂಡು ಅಂಗೈಗೆ ಎಣ್ಣೆ ಬಿಟ್ಟಳು. ನೀರಲ್ಲಿ ನೆಂದು ನೆಂದು ಬಿಳಿಚಿದ ಕೈ.

"ನಂಗೆ ಜ್ವರ ಬಂದಾಗ ನನ್ ಬೇಸಿನ್ನೂ ನೀನೇ ನೋಡ್ಕಂಡೆ ಅಕ್ಕ," ಎಂದಳು ಮೆಲ್ಲಗೆ.

ಆಮೇಲೆ ಪಕ್ಕದ ಬೇಸಿನ್ನಿನ ಅಸ್ರಾ ಬಂದಳು. ನನ್ನ ಎಳೆ ತುಂಡಾದಾಗಲೆಲ್ಲ ನೀನು ಬೈಯದೆ ಎತ್ತಿಕೊಡುತ್ತಿದ್ದೆ ಅಂದಳು. ಹೀಗೇ ಒಬ್ಬರಾದ ಮೇಲೊಬ್ಬರು ಬಂದು ಕೈ ತಿಕ್ಕಿ, ಏನೋ ಒಂದು ಹೇಳಿ ಎದ್ದರು. ಕೊನೆಗೆ ನೂರೀನ್ ಉಳಿದಳು. ತನ್ನದಲ್ಲದ ಶಾಸ್ತ್ರವೆಂದು ಹಿಂದೆ ಸರಿಯಹೋದಾಗ ಬೋರಲಿಂಗಯ್ಯನೇ ತಡೆದ.

"ನೀನೂ ಹಾಕವ್ವ. ನಿಮ್ಮಪ್ಪನ ಕಾಲದಿಂದ ನಿಮಗೇ ಗೆಯ್ದ ಕೈ ಅದು."

ಅವಳು ಕೂತಳು. ಆ ಕೈ ಹಿಡಿದು ನಿನ್ನೆಯನ್ನು ನೆನೆದಳು. ನಿನ್ನೆ ಶಿವಲಿಂಗಮ್ಮ ಏನು ಮಾಡಿದ್ದಳು? ಯಾರ ಪಕ್ಕ ಕೂತಿದ್ದಳು? ನೂರೀನಳಿಗೆ ನೆನಪಾದದ್ದು ತನ್ನ ಫೋನು, ಮಾರ್ಕೆಟ್ಟಿನ ದರ, ಗೂಡಿನ ಚೀಲ. ತಿಕ್ಕುತ್ತಲೇ ಇದ್ದಳು. ನೀರು ತಂದವರು ಭುಜ ಮುಟ್ಟಿ ಎಬ್ಬಿಸಬೇಕಾಯಿತು.

*

ಹೊಲದಲ್ಲಿ ಮಣ್ಣು ಮಾಡಿ, ಪಂಪ್‌ಸೆಟ್ಟಿನ ನೀರಲ್ಲಿ ಮಿಂದು, ಹೆಂಗಸರು ಒದ್ದೆ ತಲೆಯಲ್ಲಿ ಬಸ್‌ಸ್ಟಾಪಿಗೆ ಬಂದು ನಿಂತರು. ನೂರೀನ್ ಎದುರಿನ ಅಂಗಡಿಗೆ ಹೋದಳು, ಹೊರಬಂದಳು, ಮತ್ತೆ ಒಳಗೆ ಹೋದಳು. ಹರಳೆಣ್ಣೆ ಇರಲಿಲ್ಲ. ಕೊಬ್ಬರಿ ಎಣ್ಣೆಯ ಒಂದು ಶೀಸೆ ಹಿಡಿದು ರಸ್ತೆ ದಾಟಿ ಭಾನುಪ್ರಿಯಳ ಮುಂದೆ ನಿಂತಳು.

"ಕೈ ಕೊಡು."

ಭಾನುಪ್ರಿಯ ಶೀಸೆಯನ್ನೂ ಅವಳ ಮುಖವನ್ನೂ ನೋಡಿದಳು. ಆಮೇಲೆ ಕೈ ಚಾಚಿದಳು. ನೂರೀನ್ ಶೀಸೆ ಬಗ್ಗಿಸಿದಾಗ ಎಣ್ಣೆ ಹೆಚ್ಚೇ ಬಿತ್ತು.

"ಬೆಳಿಗ್ಗೆ ನೀನು ಆಟೊ ಇಳಿದು ಒಳಗೆ ಹೋದೆ. ಗೂಡು ಬಿಸಿಯಾಗಬಾರದು ಅಂತ ತೆಳ್ಳಗೆ ಹರವಿ, ಕಿಟಕಿ ತೆಗೆದು ಬಂದೆ. ಬೀಗ ಹಾಕುವಾಗ ನಾನು ನೋಡಿದೆ."

ಭಾನುಪ್ರಿಯ ಎರಡೂ ಅಂಗೈ ಸೇರಿಸಿ ಎಣ್ಣೆ ತಿಕ್ಕಿಕೊಂಡಳು.

"ನಾಳೆ ಬತ್ತೀವಿ ಮೇಡಂ. ಆ ಗೂಡು ಮುಗಿಯಗಂಟ. ಸೋಮಾರದ್ದು ಈಗ ಹೇಳಕ್ಕಾಗಲ್ಲ."

ನೂರೀನ್ ತಲೆಯಾಡಿಸಿದಳು. ಪಕ್ಕದಲ್ಲಿದ್ದ ಅಸ್ರಾ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ರಾಮನಗರದ ಕಡೆ ಹೊರಟಿದ್ದ ಬಸ್ಸಿನ ಡ್ರೈವರು ಆ ಕೈಗಳನ್ನು ಕಂಡು, ತನಗೇ ಅಡ್ಡ ಹಿಡಿದಿದ್ದಾರೆಂದು ನಿಲ್ಲಿಸಿದ. ಹತ್ರವ್ವ, ಹತ್ರಿ ಎಂದು ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ. ಯಾರೂ ಅಲುಗಲಿಲ್ಲ. ನೂರೀನ್ ಶೀಸೆ ಬಗ್ಗಿಸಿ ಹಿಡಿದು ಅಸ್ರಾಳ ಮುಖವನ್ನೇ ನೋಡುತ್ತಿದ್ದಳು, ಅವಳು ಇವತ್ತು ಮಾಡಿದ್ದೇನೆಂದು ಇಡೀ ದಿನವನ್ನು ಅಲ್ಲಿ ತಡಕುವವಳಂತೆ. ಶೀಸೆಯ ಬಾಯಲ್ಲಿ ಒಂದು ತೊಟ್ಟು ಬೀಳದೆ ನೇತಾಡುತ್ತಿತ್ತು.