ಪರದೆಯ ಸವಾಲು

ಶಹಾಬಾದಿನಲ್ಲಿ ವಾರಸುದಾರರಿಲ್ಲದ ಮನೆಗಳು ಒಂದೇ ತಿಂಗಳಲ್ಲಿ ಹುಟ್ಟಿಕೊಂಡವು. ನಲವತ್ತೆಂಟರ ಸೆಪ್ಟೆಂಬರಿಗೆ ಮುಂಚೆ ಅವಕ್ಕೆಲ್ಲ ವಾರಸುದಾರರಿದ್ದರು, ಅಂಗಳದಲ್ಲಿ ಕೋಳಿಗಳಿದ್ದವು, ಮಾಡದಲ್ಲಿ ಉಪ್ಪಿನಕಾಯಿ ಇತ್ತು. ನಿಜಾಮನ ರಜಾಕಾರರು ಹಳ್ಳಿ ಸುಟ್ಟಿದ್ದರು, ಆ ಸಿಟ್ಟು ಸುಳ್ಳಲ್ಲ. ಆದರೆ ಆ ಸಿಟ್ಟು ಹೊತ್ತು ಬಂದವರು ರಜಾಕಾರರನ್ನು ಹುಡುಕಲಿಲ್ಲ. ಬಾಗಿಲ ಮೇಲಿನ ಹೆಸರುಗಳನ್ನು ಹುಡುಕಿದರು. ಆಮೇಲೆ ಸರಕಾರ ಬಂದು ಖಾಲಿ ಬಾಗಿಲುಗಳಿಗೆ ಅರಗು ಕಾಸಿ ಮೊಹರು ಒತ್ತಿತು. ಹೆಸರಿದ್ದ ಜಾಗದಲ್ಲಿ ನಂಬರು ಬರೆಯಿತು. ಎರಡೂವರೆ ವರ್ಷ ಬಿಟ್ಟು, ಒಂದೊಂದಕ್ಕೇ, ಹರಾಜಿನ ಡಂಗುರ ಹೊಡೆಸತೊಡಗಿತು.

"ಮಸೀದಿ ಓಣಿ ನಂಬರ ನಲವತ್ತೊಂದು! ಮ್ಯಾಲಿನ ಮಜಲು! ಎರಡು ಖೋಲಿ, ಒಂದು ಬಚ್ಚಲ, ಹೊರಗಿಂದ ಪಾವಟಿಗಿ! ಗುರುವಾರ ನಡು ಮಧ್ಯಾಹ್ನಕ್ಕ ಲಿಲಾವ!"

ಗಣಿಯ ದಂಡೆಯಲ್ಲಿ, ಒಡಕು ಫರಸಿ ಕಲ್ಲುಗಳನ್ನು ನಿಲ್ಲಿಸಿ ಮೇಲೆ ತಗಡು ಹೊದಿಸಿದ ಗೂಡಿನಲ್ಲಿ ಗುರುದೇವಿ ಅದನ್ನು ಕೇಳಿಸಿಕೊಂಡಳು. ಏಳು ತಿಂಗಳ ಬಸುರಿ. ಹೋದ ಬೇಸಗೆಯಲ್ಲಿ ಇದೇ ಗೂಡಿನಲ್ಲಿ ಹುಟ್ಟಿದ ಕೂಸು ಒಂಬತ್ತೇ ದಿನ ಬದುಕಿತ್ತು. ಕಲ್ಲು ಹಗಲೆಲ್ಲ ಕಾಯ್ದು ರಾತ್ರಿಯೆಲ್ಲ ಆ ಕಾವನ್ನು ಒಳಗೆ ಬಿಡುತ್ತಿತ್ತು. ಕೂಸು ಎಲೆ ಒಣಗಿದ ಹಾಗೆ ಒಣಗಿ ಹೋಯಿತು.

"ಈ ಸಲ ನಾ ಇಲ್ಲಿ ಹಡಿಯಂಗಿಲ್ಲ," ಎಂದಳು. "ನೀ ಸವಾಲ್ ಹಾಕು."

ಗಂಡ ಅಂಬರಾಯ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಐನಾಪುರದಿಂದ ಬಂದು ಎಂಟು ವರ್ಷವಾಗಿತ್ತು. ಊರಿನ ಅರ್ಧ ಮನೆಗಳಿಗೆ ಫರಸಿ ಹಾಸಿದವನು ಅವನೇ. ನಲವತ್ತೊಂದನೇ ನಂಬರಿನ ಮೇಲಿನ ಮಜಲಿಗೂ.

"ಬ್ಯಾರೆ ಮನಿ ನೋಡೋಣ," ಎಂದ.

"ಯಾಕ? ಆ ಫರಸಿ ನೀನೇ ಹಾಸೀದಿ. ಎಣ್ಣಿ ಹಚ್ಚಿ ತಿಕ್ಕಿದ್ರ ಮಾರಿ ಕಾಣ್ತದ ಅಂತ ನಂಗ ಎಷ್ಟು ಸಲ ಹೇಳೀದಿ."

ಅವನು ತಲೆ ತಗ್ಗಿಸಿ ಮತ್ತೆ ರೊಟ್ಟಿ ಮುರಿದ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಕೊರಳ ಬೋರಮಾಳ ಮಾರಿ, ಗಡಿಗೆಯಲ್ಲಿದ್ದುದನ್ನೂ ಸೇರಿಸಿದರೆ ನಿಜಾಮನ ನಾಲ್ಕುನೂರು ಹಾಲಿ ರೂಪಾಯಿ ಆಯಿತು. ಅದರ ಮೇಲೆ ಒಂದು ಬಿಲ್ಲೆಯೂ ಇರಲಿಲ್ಲ.

ಗುರುವಾರ ಓಣಿಯಲ್ಲಿ ಗಾಳಿ ಸತ್ತಿತ್ತು. ಕಲ್ಲಿನ ಧೂಳು ಏಳದೆ ನೆಲದ ಮೇಲೇ ಬಿದ್ದಿತ್ತು. ಬೇವಿನ ಮರದಲ್ಲಿ ಒಂದೆಲೆ ಅಲುಗುತ್ತಿರಲಿಲ್ಲ. ನಲವತ್ತೊಂದರ ಕೆಳಗಿನ ಮಜಲಿನಲ್ಲಿ ಅಮೃತಪ್ಪ ಸಾಹುಕಾರನ ಅಂಗಡಿ. ಗದ್ದಲಕ್ಕೆ ಮುಂಚಿನಿಂದಲೂ ಅಲ್ಲಿ ಬಾಡಿಗೆಗಿದ್ದು, ಮೊದಲ ಲಿಲಾವಿನಲ್ಲೇ ಅದನ್ನು ಅವನು ಹಿಡಿದಿದ್ದ. ಓಣಿಯ ಒಂಬತ್ತು ಮನೆಗಳನ್ನು ಹೀಗೇ ಹಿಡಿದಿದ್ದ. ಅವನು ಸವಾಲು ಹಾಕಿದರೆ ಉಳಿದವರು ಬಾಯಿ ಮುಚ್ಚಿಕೊಳ್ಳುವುದು ಊರಿನ ಹೊಸ ಕಾಯಿದೆ.

ಮೇಲಿನ ಮಜಲಿಗೆ ಹತ್ತಲು ಹೊರಗಿನಿಂದ ಹದಿನಾಲ್ಕು ಪಾವಟಿಗೆ. ತುದಿಯಲ್ಲಿ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಮೇಲೆ ಅರಗಿನ ಮೊಹರು. ಕೆಳಗೆ ಮೇಜು ಹಾಕಿಕೊಂಡು ಅಮೀನ ಸರ್ದಾರಸಾಬ ಕುಳಿತಿದ್ದ. ನಿಜಾಮನ ಕಾಲದಲ್ಲೂ ಅವನೇ ಲಿಲಾವಿನ ಅಮೀನ, ಈಗಲೂ ಅವನೇ. ಟೋಪಿ ಮಾತ್ರ ಬದಲಾಗಿತ್ತು. ಬಂದಾಗಿನಿಂದ ಅವನು ಒಮ್ಮೆಯೂ ತಲೆಯೆತ್ತಿ ಆ ಬಾಗಿಲು ನೋಡಿರಲಿಲ್ಲ.

"ಮೂರನೂರಕ್ಕ ಶುರು!"

"ಹತ್ತು ಹೆಚ್ಚು," ಎಂದ ಅಮೃತಪ್ಪ, ಹಲ್ಲು ಚುಚ್ಚಿಕೊಳ್ಳುತ್ತ.

"ಇಪ್ಪತ್ತು," ಎಂದ ಅಂಬರಾಯ.

ಜನ ತಿರುಗಿ ನೋಡಿತು. ಅಮೃತಪ್ಪ ನಕ್ಕ. "ಏ ಅಂಬರಾಯಾ, ಬಿಸಲಿಗಿ ತಲಿ ತಿರಗ್ಯದೇನೋ? ಮಜಲಿನ ಮನ್ಯಾಗ ಮಲಗಿದ್ರ ನಿನಗ ನಿದ್ದಿ ಬರ್ತದ?"

ಗುರುದೇವಿ ಸೆರಗು ಸರಿ ಮಾಡಿಕೊಂಡಳು. "ನಾವು ಹಾಸಿದ ಫರಸಿ ಮ್ಯಾಲ ನೀವು ಬೇಷಾಗಿ ನಿದ್ದಿ ಮಾಡಾಕತ್ತೀರಿ ಸಾಹುಕಾರ್ರ. ನಾವೂ ಒಂದಿನ ಮಲಗಿ ನೋಡ್ತೀವಿ ತಗೋರಿ, ಕಲ್ಲೇನು ಎದ್ದು ಹೋಗಂಗಿಲ್ಲ."

ಯಾರೋ ಹಿಂದೆ ಕಿಸಕ್ಕೆಂದರು. ಅಮೃತಪ್ಪನ ನಗು ಹೋಯಿತು. ಮೂರುನೂರ ಐವತ್ತು, ಅರವತ್ತು, ತೊಂಬತ್ತು. ಅಂಬರಾಯ ನಾಲ್ಕುನೂರೆಂದ. ಅಮೃತಪ್ಪ ಉಸಿರು ತೆಗೆದುಕೊಳ್ಳದೆ ನಾಲ್ಕುನೂರ ಹತ್ತೆಂದ.

ಅಲ್ಲಿಗೆ ಮುಗಿಯಿತು. ಗುರುದೇವಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡಿದಳು.

"ನಾಲ್ಕನೂರಾ ಹತ್ತು, ಏಕ್ ಬಾರ್," ಎಂದ ಅಮೀನ. "ನಾಲ್ಕನೂರಾ ಹತ್ತು, ದೋ ಬಾರ್..."

*ಠಣ್.*

ಕಬ್ಬಿಣದ ಸರಪಳಿ ಒಮ್ಮೆ ಕಟ್ಟಿಗೆಗೆ ಬಡಿದ ಸದ್ದು. ಮೇಲಿನಿಂದ, ಮೊಹರು ಒತ್ತಿದ ಬಾಗಿಲ ಒಳಗಿನಿಂದ.

ಅಮೀನನ ಬಾಯಿ ಮೂವತ್ತು ವರ್ಷದ ರೂಢಿಯಿಂದ ತಾನಾಗಿ ತೆರೆಯಿತು. "ಪರ್ದೇದಿಂದ ಹತ್ತು ಹೆಚ್ಚು, ನಾಲ್ಕನೂರಾ ಇಪ್ಪತ್ತು!"

ಅಂದ ಮೇಲೆ ಅವನಿಗೆ ತಾನು ಅಂದದ್ದು ಕೇಳಿಸಿತು. ಲೇಖಣಿ ಮೇಜಿನ ಮೇಲಿಟ್ಟ.

ಈ ಸೀಮೆಯ ಲಿಲಾವುಗಳಲ್ಲಿ ಅದು ಹಳೆಯ ಪದ್ಧತಿ. ಪರದೆಯ ಹೆಂಗಸರು ಬಾಗಿಲ ಹಿಂದೆ ನಿಂತು ಸವಾಲು ಹಾಕುತ್ತಿದ್ದರು. ಧ್ವನಿ ಹೊರಗೆ ಬರಬಾರದು, ಆದ್ದರಿಂದ ಸರಪಳಿ ಮಾತಾಡುತ್ತಿತ್ತು. ಒಂದು ಬಡಿತ ಅಂದರೆ ಹೌದು, ಹತ್ತು ಹೆಚ್ಚು. ಎರಡು ಬಡಿತ ಅಂದರೆ ಬೇಡ.

"ಗಾಳಿ," ಎಂದ ಅಮೃತಪ್ಪ.

ಎಲ್ಲರೂ ಬೇವಿನ ಮರ ನೋಡಿದರು. ಬಣ್ಣ ಬಳಿದ ಹಾಗೆ ನಿಂತಿತ್ತು.

"ಹೆಗ್ಗಣ ಇದ್ದೀತು. ನಾಲ್ಕನೂರಾ ಮೂವತ್ತು!"

*ಠಣ್.*

"ನಾಲ್ಕನೂರಾ ಐವತ್ತು!"

*ಠಣ್.* ಅವಸರವಿಲ್ಲದೆ, ಮಾತು ಪೂರ್ತಿ ಕೇಳಿಸಿಕೊಂಡು ಕೊಟ್ಟ ಉತ್ತರದ ಹಾಗೆ.

"ಐದನೂರು!" ಅಮೃತಪ್ಪ ಕಿರುಚಿದ. ಅವನ ಕತ್ತಿನ ನರ ಉಬ್ಬಿತ್ತು. ಮೊಹರು ಬಿದ್ದ ತಿಂಗಳು ಇದೇ ಅಂಗಡಿಯಲ್ಲಿ ಅವನು ಸೇರುಗಟ್ಟಲೆ ಲೋಬಾನ ಸುಡಿಸಿದ್ದ. ದೇವರಿಗೆಂದು ಹೇಳಿದ್ದ. ಓಣಿ ಮೂಗು ಮುಚ್ಚಿಕೊಂಡು ನಂಬಿತ್ತು.

*ಠಣ್.*

"ಐದನೂರಾ ಹತ್ತು, ಪರ್ದೇದಿಂದ," ಎಂದ ಅಮೀನ. ಅವನ ಧ್ವನಿ ಮೇಜು ದಾಟಲಿಲ್ಲ.

ಅಮೃತಪ್ಪ ಪಾವಟಿಗೆಗಳನ್ನು ನೋಡುತ್ತ ಹಿಂದೆ ಹಿಂದೆ ಸರಿದ. "ನನ್ನ ಸವಾಲ್ ವಾಪಸ್. ಯಾರಿಗಿ ಬೇಕು ಈ ಹಾಳಾದ ಖೋಲಿ." ಅಂಗಡಿಯ ಹಲಗೆ ಹಾಕಿಕೊಂಡು ಒಳಗಾದ.

ಪದ್ಧತಿಯ ಉಳಿದರ್ಧ ಬಾಕಿಯಿತ್ತು. ಪರದೆಯ ಸವಾಲು ನಿಲ್ಲಬೇಕಾದರೆ ಹೊರಗಿರುವ ಒಬ್ಬರು ಒಳಗಿನವರ ಹೆಸರು ಹೇಳಬೇಕು. ಹೆಸರು ಹೇಳುವವರಿಲ್ಲದಿದ್ದರೆ ಸವಾಲು ಬಿದ್ದು ಹೋಗುತ್ತದೆ.

ಅಮೀನ ಎದ್ದು ನಿಂತ. "ಪರ್ದೇದವರ ಹೆಸರು ಹೇಳವರ್ಯಾರು?"

ಓಣಿ ತುಂಬ ಜನ. ಆ ಹೆಸರು ಗೊತ್ತಿಲ್ಲದವನು ಒಬ್ಬನೂ ಇರಲಿಲ್ಲ. ರಂಜಾನಿನಲ್ಲಿ ಆ ಮನೆಯ ಸುರಕುಂಬಾ ಪಾಯಸ ಕುಡಿಯದ ಬಾಯಿ ಒಂದೂ ಇರಲಿಲ್ಲ.

"ಹೆಸರು ಹೇಳವರ್ಯಾರು?"

ಅಂಬರಾಯ ಲೆಕ್ಕ ಹಾಕಿದ. ಸಾಹುಕಾರ ಹೋದ. ಪರದೆಯ ಸವಾಲು ಬಿದ್ದರೆ ಉಳಿಯುವುದು ತನ್ನ ನಾಲ್ಕುನೂರು. ಪಕ್ಕದಲ್ಲಿ ಗುರುದೇವಿಯ ಉಸಿರು ಕೇಳುತ್ತಿತ್ತು. ಅವನು ಸುಮ್ಮನಿದ್ದ.

ಮೂರನೇ ಸಲವೂ ಯಾರೂ ಹೇಳಲಿಲ್ಲ. ಸವಾಲು ಬಿತ್ತು. ನಂಬರ ನಲವತ್ತೊಂದು, ಮೇಲಿನ ಮಜಲು, ನಾಲ್ಕುನೂರಕ್ಕೆ ಅಂಬರಾಯನದಾಯಿತು.

ಜನ ಕರಗಿತು. ಅಭಿನಂದನೆ ಹೇಳಲು ಯಾರೂ ನಿಲ್ಲಲಿಲ್ಲ. ಅಮೀನ ಕೀಲಿಯನ್ನು ಮೇಜಿನ ಮೇಲೆ ಇಟ್ಟು ದೂರ ಸರಿಸಿದ. "ದಫ್ತರ ಸಂಜೀತನಾ ತೆರದಿರ್ತದ. ಒಳಗ ನೋಡ್ಕೊಂಡು ಬಂದು ಕಾಗದಕ್ಕ ಅಂಗಠಾ ಒತ್ತು," ಎಂದ. ತಾನು ಮೇಲೆ ಬರುವುದಿಲ್ಲವೆಂದು ಬೇರೆ ಹೇಳಬೇಕಾಗಿರಲಿಲ್ಲ.

ಗಂಡ ಹೆಂಡತಿ ಪಾವಟಿಗೆ ಹತ್ತಿದರು. ಗುರುದೇವಿ ಒಂದೊಂದನ್ನೂ ಎಣಿಸಿದಳು, ತನ್ನದೆಂದು. ಅಂಬರಾಯ ಅರಗು ಒಡೆದ. ಬೀಗ ತೆಗೆದ. ದೂಡಿದ.

ಬಾಗಿಲು ಎರಡು ಬೆರಳು ಸರಿದು ನಿಂತಿತು. ಸಂದಿಯಲ್ಲಿ ಸರಪಳಿ ಕಂಡಿತು, ಬಿಗಿಯಾಗಿ ಎಳೆದು ಕೊಂಡಿಗೆ ಹಾಕಿದ್ದು. ಒಳಗಿನಿಂದ.

ಗುರುದೇವಿ ಸಂದಿಗೆ ಬಾಗಿದಳು. ಸಂದಿಯಿಂದ ತಣ್ಣನೆಯ ಗಾಳಿ ಅವಳ ಮುಖಕ್ಕೆ ಬರುತ್ತಿತ್ತು. ಅವಳು ಎರಡು ಬೇಸಗೆ ಬೇಡಿದ್ದು ಅದೇ ತಂಪನ್ನು.

"ಒಳಗಿಂದ ಹಾಕ್ಯದ," ಎಂದಳು. "ಹೊರಗಿಂದ ಮೊಹರ ಅದ. ಅಂದ್ರ ಮೊಹರ ಒತ್ತಾಗ ಒಳಗ..."

"ಕಲ್ಲು ಕೆತ್ತೂ ಛಾಣಿ ಅದ ನನ್ನ ಹತ್ರ," ಎಂದ ಅಂಬರಾಯ. ಚೀಲದೊಳಗೆ ಕೈ ಹಾಕಿದ, ಛಾಣಿ ಹೊರಗೆ ತೆಗೆಯಲಿಲ್ಲ. "ಒಂದ್ ಪೆಟ್ಟು ಹೊಡದ್ರ ಕೊಂಡಿ ಹಾರ್ತದ."

"ನಿನಗ ಗೊತ್ತಿತ್ತು."

ಅವನು ಪಾವಟಿಗೆಯ ಮೇಲೆ ಕುಳಿತ.

"ಫರಸಿ ಹಾಸಾಗ ಬೇಗಂ ಸಾಹೇಬರು ಈ ಬಾಗಲದ ಹಿಂದ ನಿಂತು ಕೆಲಸ ಹೇಳ್ತಿದ್ರು. ಹಿಂಗ ಇಡ್ಲೇನ್ರಿ ಅಂದ್ರ ಒಂದು ಬಡಿತ. ಬ್ಯಾಡಂದ್ರ ಎರಡು. ಮಾರಿ ನೋಡಿಲ್ಲ ನಾ. ಮಜ್ಜಿಗಿ ತಂಬಗಿ ಹೊರಗ ಇಡೋ ಕೈ ನೋಡೀನಿ, ಬೆಳ್ಳಿ ಉಂಗುರ ಇತ್ತು." ಚೀಲದ ಬಾಯಿ ಕಟ್ಟಿದ. "ಗದ್ದಲ ಆದ ಮೂರನೇ ದಿನ ಬಂದಿದ್ದೆ. ಕೆಳಗ ಮಂದಿ ಇದ್ರು, ಕೈಯಾಗ ಕೊಡ್ಲಿ. ಸಣ್ಣಗ ಕೇಳ್ದೆ, ಬೇಗಂ ಸಾಹೇಬ, ಕರಕೊಂಡು ಹೋಗ್ಲೇನ್ರಿ ಅಂತ. ಎರಡು ಬಡಿದ್ರು. ಬ್ಯಾಡಂದ್ರು ಗುರೂ. ಅವರೇ ಬ್ಯಾಡಂದ್ರು."

"ಅಷ್ಟು ಅಂದಿದ್ದಕ್ಕ ಅವರನ್ನ ಬಿಟ್ಟು ಬಂದಿ?"

"ಬ್ಯಾಡಂದ್ರಲ್ಲ..."

"ನಿನ್ನ ಜೀವ ಉಳೀಲಿ ಅಂತ ಅಂದಿರಬೇಕು. ಮರುದಿನ ಬಂದಿದ್ದೇನು? ಅದರ ಮರುದಿನ?"

ಗುರುದೇವಿ ಬಾಗಿಲಿಗೆ ಬಾಯಿ ಹತ್ತಿರ ತಂದಳು.

"ಅವ್ವಾ. ನಾ ಅಂಬರಾಯನ ಹೇಣತಿ. ಈ ಮನ್ಯಾಗ ಹಡೀಬೇಕು ಅಂತ ಬಂದೀನಿ. ಒಳಗ ಬರ್ಲೇನು?"

ಸರಪಳಿ ಅವಳ ಕಣ್ಣ ಮುಂದೆಯೇ ಸಡಿಲಾಯಿತು, ಎದ್ದಿತು, ಬಡಿಯಿತು. ಒಮ್ಮೆ. ಅವಳು ಉಸಿರು ಹಿಡಿದಳು. ಎರಡನೆಯದು ಬರದಿರಲಿ ಎಂದು ಅವಳಷ್ಟು ಬೇಡಿದವರು ಆ ಬಾಗಿಲಲ್ಲಿ ಯಾರೂ ಇರಲಿಕ್ಕಿಲ್ಲ.

ಎರಡನೆಯದು ಬಂತು.

ಅವಳು ಕಿರುಚಲಿಲ್ಲ. ತಿರುಗಿ ಪಾವಟಿಗೆ ಇಳಿಯತೊಡಗಿದಳು, ಗೋಡೆ ಹಿಡಿದುಕೊಂಡು, ಹದಿನಾಲ್ಕನ್ನೂ. ಅಂಬರಾಯ ಹಿಂದೆ ಓಡಿದ. "ಎಲ್ಲಿ ಹೊಂಟಿ?"

"ಹೆಸರು ಹೇಳಾಕ."

"ಅಂಗಠಾ ಒತ್ತಿದ್ರ ನಮ್ಮದಾಗ್ತದ! ಹೆಸರು ಹೇಳಿದ್ರ ಮನಿ ಹೋಗ್ತದ, ಗುರೂ! ಬ್ಯಾಸಗಿ ಅದ, ಕೂಸಿನ ವಿಚಾರ ಮಾಡು!"

"ಕೂಸಿನ ವಿಚಾರನೇ ಮಾಡಾಕತ್ತೀನಿ. ನಾಳಿ ಅದು ಆ ಫರಸಿ ಮ್ಯಾಲ ಅಂಬಿಗಾಲಿಡ್ತದ. ಇಲ್ಲಿ ಯಾರಿದ್ರು ಅಂತ ಕೇಳಿದ್ರ ನಂಬರ ಹೇಳ್ಲೇನು?"

ದಫ್ತರದಲ್ಲಿ ಅಮೀನ ಒಬ್ಬನೇ ಇದ್ದ. ಕಾಗದ ಸಿದ್ಧವಾಗಿತ್ತು, ಮಸಿಯ ಡಬ್ಬಿಯೂ.

"ಪರ್ದೇದವರ ಹೆಸರು ನಾ ಹೇಳ್ತೀನಿ," ಎಂದಳು ಗುರುದೇವಿ. "ಹಮೀದಾಬೇಗಂ."

ಸರ್ದಾರಸಾಬ ಕಣ್ಣು ಮುಚ್ಚಿಕೊಂಡ. "ಬೇಟಿ, ಸವಾಲ್ ಬಿದ್ದು ಹೋಯ್ತು."

"ಅಂಗಠಾ ಬಿದ್ದಿಲ್ಲಲ್ರಿ. ಬರೀರಿ. ಒಳಗ ಯಾರೂ ಇಲ್ಲಂತ ಪಂಚನಾಮೆ ಬರದವ್ರೂ ನೀವೇ ಅಲ್ಲೇನ್ರಿ?"

ಮುದುಕ ಮನೆಯ ಕಾಗದವನ್ನು ಪಕ್ಕಕ್ಕೆ ಸರಿಸಿದ. "ಸಾಹುಕಾರ ಇಲ್ಲಂದ. ಓಣಿಯಾಗ ನಮ್ಮವರಾಗ ಉಳದವ ನಾ ಒಬ್ಬನೇ ಇದ್ದೆ. ಮೊಹರ ಒತ್ತಾಗ ಬಡಿತ ಕೇಳ್ಸಿತ್ತು ಬೇಟಿ. ಒಂದೇ. ಹೌದು, ಇದ್ದೀನಿ ಅಂತ." ಅವನು ತನ್ನ ಕೈ ನೋಡಿಕೊಂಡ. "ಅರಗು ಕಾಯ್ದಿತ್ತು. ಒತ್ತಿಬಿಟ್ಟೆ."

ಆಮೇಲೆ ಅವನು ರಿಜಿಸ್ಟರು ತೆರೆದು ಬರೆದ. ಮೊದಲಿನ ಸಾಲು ಹೊಡೆದು, ಪಕ್ಕದಲ್ಲಿ ಇಷ್ಟಗಲ ಅಕ್ಷರದಲ್ಲಿ ಬರೆದ: ಐದುನೂರ ಹತ್ತು, ಹಮೀದಾಬೇಗಂ, ಪರದೆಯಿಂದ. ಹೆಸರು ಹೇಳಿದವಳು ಗುರುದೇವಿ, ಗಂಡ ಅಂಬರಾಯ. ಅವಳ ಹೆಬ್ಬೆಟ್ಟು ಅಲ್ಲಿ ಬಿತ್ತು, ಮನೆಯ ಕಾಗದದ ಮೇಲಲ್ಲ.

ಮೂವರೂ ಸೇರಿ ಹಿಂದಿರುಗಿದಾಗ ಬಿಸಿಲು ಇನ್ನೂ ಇತ್ತು. ಬಾಗಿಲು ಹಾರು ಹೊಡೆದಿತ್ತು. ಸರಪಳಿ ತೂಗುತ್ತಿತ್ತು, ಈಗ ತಾನೇ ಯಾರೋ ಬಿಟ್ಟ ಹಾಗೆ.

ಒಳಗೆ ಫರಸಿಯ ಮೇಲೆ ಮೂರು ಬೆರಳು ಧೂಳು. ಅದರಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಬಾಗಿಲ ಹಿಂದಿನ ಒಂದು ಕಲ್ಲು ಮಾತ್ರ ಸ್ವಚ್ಛವಾಗಿತ್ತು, ಎಣ್ಣೆ ಹಚ್ಚಿ ತಿಕ್ಕಿದ ದಿನದ ಹಾಗೆ. ಬಾಗಿದರೆ ಮುಖ ಕಾಣುತ್ತಿತ್ತು. ಹಮೀದಾಬೇಗಂ ಇದ್ದದ್ದು ಅಲ್ಲಿ ಅಲ್ಲ. ದೂರದ ಎರಡನೇ ಖೋಲಿಯ ಮೂಲೆಯಲ್ಲಿ, ಗೋಡೆಗೆ ಒರಗಿ, ತಲೆಯ ತುಂಬ ಚಾದರ ಹೊದ್ದು, ಎರಡೂವರೆ ವರ್ಷದಿಂದ. ಮುಂದೆ ಒಣಗಿದ ತಂಬಿಗೆ. ಎಲುಬಿನ ಮೇಲೆ ಬೆಳ್ಳಿ ಉಂಗುರ.

ಅಂಬರಾಯ ಚಾದರ ಮುಟ್ಟಲಿಲ್ಲ. ಹೊಸ್ತಿಲಲ್ಲಿ ನಿಂತು ಕೇಳಿದ, "ಕರಕೊಂಡು ಹೋಗ್ಲೇನ್ರಿ, ಬೇಗಂ ಸಾಹೇಬ?"

ಹಿಂದೆ ಸರಪಳಿ ಒಮ್ಮೆ ಬಡಿಯಿತು. ಅವರು ಎಣಿಸುತ್ತ ನಿಂತರು. ಎರಡನೆಯದು ಬರಲಿಲ್ಲ.

ಗೋರಿಯನ್ನು ಅಂಬರಾಯನೇ ಅಗೆದ. ಆ ಬಾಗಿಲ ಹಿಂದಿನ ಕಲ್ಲು ಎಬ್ಬಿಸಿ ತಲೆದೆಸೆಗೆ ನಿಲ್ಲಿಸಿದ, ಅದರ ಮೇಲೆ ಛಾಣಿಯಿಂದ ಹೆಸರು ಹೊಡೆದ. ಅಮೀನ ಅಕ್ಷರ ಬರೆದುಕೊಟ್ಟ. ಅದೇ ತಿಂಗಳು ಅವನ ನೌಕರಿ ಹೋಯಿತು. ಅಮೃತಪ್ಪನ ಅಂಗಡಿ ಅಲ್ಲೇ ಇದೆ, ಅವನಿಗೇನೂ ಆಗಲಿಲ್ಲ. ಈಗಲೂ ಸೂರ್ಯ ನೆತ್ತಿಗೆ ಬರುವ ಮುಂಚೆ ಹಲಗೆ ಹಾಕುತ್ತಾನೆ. ಮೇಲಿನ ಮಜಲನ್ನು ಮತ್ತೆ ಲಿಲಾವಿಗೆ ಇಡಲು ಬಂದ ಹೊಸ ಅಮೀನ ರಿಜಿಸ್ಟರು ತೆರೆದು, ಆ ಹೆಸರು ಓದಿ, ಸುಮ್ಮನೆ ಮುಚ್ಚಿದನಂತೆ.

ಗುರುದೇವಿ ಆ ಬೇಸಗೆ ಗಣಿಯ ಗೂಡಿನಲ್ಲೇ ಹಡೆದಳು. ಕಲ್ಲು ಕಾಯುವ ಹೊತ್ತಿಗೆ ಅಂಬರಾಯ ಗೋಣಿ ತೋಯಿಸಿ ತೋಯಿಸಿ ಸುತ್ತ ಕಟ್ಟುತ್ತಿದ್ದ. ಹತ್ತನೇ ದಿನ, ಬಾಗಿಲಾಗಲಿ ಸರಪಳಿಯಾಗಲಿ ಇಲ್ಲದ ಆ ಗೂಡಿನಲ್ಲಿ, ಮಟಮಟ ಮಧ್ಯಾಹ್ನ, ಅವಳು ಕೂಸಿನ ಎದೆಗೆ ಕಿವಿ ಇಟ್ಟು ಕೇಳಿದಳು: "ಇದ್ದೀಯೇನೇ ನನ್ನವ್ವಾ?"

ಕೂಸು ಕಣ್ಣು ಬಿಡುವ ಮೊದಲೇ ಉತ್ತರ ಬಂದಿತ್ತು. ಒಂದೇ ಬಡಿತ, ಕಬ್ಬಿಣದ್ದು, ತೀರ ಹತ್ತಿರದಿಂದ.