ಪಕ್ಕಕ್ಕಿಟ್ಟ ಕ್ಯಾನು

"ಅಲ್ಲೇ ನಿಂತ್ಕೊಳ್ಳಮ್ಮ! ಇನ್ನೊಂದು ಹೆಜ್ಜೆ ಇಡಬೇಡ!"

ಹಾಲು ಇಳಿಸುವ ಕಟ್ಟೆಯ ಮೇಲಿಂದ ಬಂದ ಕೂಗಿಗೆ ಹುಡುಗಿ ಗಕ್ಕನೆ ನಿಂತಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಫಳಫಳ ಹೊಳೆಯುವ ಬೂಟು, ಎದೆಗವಚಿಕೊಂಡ ಫೈಲು. ಕಾಲೇಜಿನಲ್ಲಿ ಗಿಳಿಪಾಠ ಮಾಡಿಸಿದ್ದ 'ನನ್ನ ಪರಿಚಯ' ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ಬಿಡುವ ಮೊದಲೇ ಹೀಗಾದರೆ ಹೇಗಪ್ಪಾ? ಡೈರಿ ಡಿಪ್ಲೊಮಾದ ಕೊನೆಯ ವರ್ಷ ಅವಳದು. ಈ ಡೈರಿಯಲ್ಲಿ ಮೂರು ತಿಂಗಳ ತರಬೇತಿ ಸಿಗದಿದ್ದರೆ ಇಡೀ ವರ್ಷ ಮಣ್ಣುಪಾಲು.

ಕೂಗಿದವರು ಹಾಲು ಪರೀಕ್ಷಿಸುವವರು; ತರಬೇತಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸುವವರೂ ಅವರೇ. ಡೈರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಮೂಗಿನ ಮೇಷ್ಟ್ರು.

"ಸೆಂಟು ಹಾಕ್ಕೊಂಡಿದ್ದೀಯಾ?"

"ಹೂಂ ಸರ್. ಅಕ್ಕ ಹಾಕಿದ್ಳು."

ನೀಟಾಗಿ ಹೋದರೆ ಅರ್ಧ ಕೆಲಸ ಸಿಕ್ಕ ಹಾಗೇ ಎಂದು ಅಕ್ಕ ಕತ್ತಿಗೆ, ಮಣಿಕಟ್ಟಿಗೆಲ್ಲ ಹೊಡೆದಿದ್ದಳು. ಪುಣ್ಯಾತ್ಗಿತ್ತಿ, ಫೈಲನ್ನೂ ಬಿಟ್ಟಿರಲಿಲ್ಲ.

"ನಾನಿಲ್ಲಿ ಕೆಲಸ ಮಾಡೋದು ಮೂಗಿಂದ ಕಣಮ್ಮ. ಒಂದು ಕೆಟ್ಟ ಕ್ಯಾನು ಒಳಗೆ ಹೋದ್ರೂ ಇಡೀ ಟ್ಯಾಂಕಿನ ಹಾಲು ಚರಂಡಿಗೆ. ಹೋಗು, ಆ ಕಡೆ ನಲ್ಲಿ ಇದೆ, ತೊಳ್ಕೊಂಡು ಬಾ. ಗೂಟದಲ್ಲಿ ಯಾರದೋ ಕೋಟು ಇರತ್ತೆ, ಅದನ್ನ ಹಾಕ್ಕೋ."

ಕತ್ತು ಕೆಂಪಾಗುವವರೆಗೆ ಉಜ್ಜಿದಳು. ಅಂಗಿಯ ಕಾಲರು ಒದ್ದೆ, ಕೋಟಿನ ತೋಳು ಬೆರಳು ದಾಟಿ ಇಳಿಬಿದ್ದಿತ್ತು. ಆದರೂ ಕಟ್ಟೆಯತ್ತ ಬಂದವಳ ಕಣ್ಣು ಮೇಷ್ಟ್ರ ಕೈಯಿಂದ ಕದಲಲಿಲ್ಲ. ಮುಚ್ಚಳ ಎತ್ತುವುದು, ಅದರ ಒಳಮೈಯ ಹತ್ತಿರ ಮೂಗು ಒಯ್ಯುವುದು, "ಹೂಂ" ಎನ್ನುವುದು. ಕ್ಯಾನು ಒಳಗೆ. ಇನ್ನೊಂದು ಮುಚ್ಚಳ, ಇನ್ನೊಂದು "ಹೂಂ". ಹಾಲಿನ ವಾಸನೆಗಳ ಬಗ್ಗೆ ಅವಳ ಪುಸ್ತಕದಲ್ಲಿ ಎಂಟು ಪುಟ ಇದ್ದವು. ಈ ಮನುಷ್ಯ ಅದನ್ನು ಅರ್ಧ ಉಸಿರಿನಲ್ಲಿ ಮುಗಿಸುತ್ತಿದ್ದಾರಲ್ಲ! ನಾಚಿಕೆ ಮರೆತು ಕೇಳಿಯೇಬಿಟ್ಟಳು.

"ಅಷ್ಟರಲ್ಲೇ ಏನು ಗೊತ್ತಾಗತ್ತೆ ಸರ್?"

"ಹಸು ಏನು ತಿಂತು, ಕ್ಯಾನು ತೊಳೆದಿದ್ರಾ, ಬಿಸಿಲಲ್ಲಿ ಬಿಟ್ಟಿದ್ರಾ. ನೀನೇ ನೋಡು." ಒಂದು ಮುಚ್ಚಳವನ್ನು ಅವಳ ಮುಂದೆ ಹಿಡಿದರು. "ಒಳಗಾ, ವಾಪಸ್ಸಾ?"

ಅವಳು ಮೂಸಿದಳು. ಕಣ್ಣು ಮುಚ್ಚಿ ಮತ್ತೆ ಮೂಸಿದಳು. ಮಲ್ಲಿಗೆ ಸೆಂಟಿನಾಚೆ ಏನೂ ಇರಲಿಲ್ಲ. ಅಷ್ಟು ತೊಳೆದರೂ ಹಾಳಾದ್ದು ಹೋಗಿರಲಿಲ್ಲ.

"ಬೇಗ ಹೇಳಿ ತಾಯಿ," ಎಂದ ಹಾಲಿನ ವ್ಯಾನಿನ ಡ್ರೈವರು, ಬಾಗಿಲಿಗೆ ಒರಗಿಕೊಂಡು. "ಇನ್ನೂ ಎರಡು ಟ್ರಿಪ್ ಇದೆ ನಂಗೆ."

'ಒಳಗೆ' ಎಂದುಬಿಟ್ಟರೆ ಮುಗಿಯಿತು. ಬರುವ ಹಾಲೆಲ್ಲ ಹೆಚ್ಚುಕಮ್ಮಿ ಒಳ್ಳೆಯದೇ. ಆದರೆ ಇದೊಂದು ಹಾಗಿಲ್ಲದಿದ್ದರೆ?

"ಗೊತ್ತಾಗ್ತಿಲ್ಲ ಸರ್. ನನ್ನ ಮೂಗಲ್ಲಿ ನಾನೇ ತುಂಬ್ಕೊಂಡಿದ್ದೀನಿ. ಇದನ್ನ ಪಕ್ಕಕ್ಕಿಡಿ."

ಡ್ರೈವರು ಗೊಳ್ಳನೆ ನಕ್ಕ. "ಮೂಗಿನ ಕೆಲಸಕ್ಕೆ ಮೂಗಿಲ್ಲದವರು ಬಂದ್ರಪ್ಪೋ!"

ಮೇಷ್ಟ್ರು ಕ್ಯಾನನ್ನು ಪಕ್ಕಕ್ಕೆ ಎಳೆದು ತಾವೇ ಮೂಸಿದರು. "ಹಾಲು ಚೆನ್ನಾಗೇ ಇದೆ," ಎಂದು ಒಳಗೆ ತಳ್ಳಿದರು. ಹೋಯಿತು, ಎಲ್ಲ ಹೋಯಿತು. ಹುಡುಗಿ ಫೈಲನ್ನು ಎಲ್ಲಿಟ್ಟೆ ಎಂದು ಅತ್ತಿತ್ತ ಹುಡುಕತೊಡಗಿದಳು.

"ಏ, ನಗೋದು ಸಾಕು. ಗೊತ್ತಿಲ್ದೆ ಒಳಗೆ ಬಿಡ್ಲಿಲ್ಲ ಅವಳು," ಮೇಷ್ಟ್ರು ಡ್ರೈವರಿಗೆ ಹೇಳಿದರು. "ನಾಳೆಯಿಂದ ಮೂರು ತಿಂಗಳು ಇಲ್ಲಿ ಎರಡು ಮೂಗು. ನಿನ್ನ ಗಾಡಿ ಲೇಟಾಗತ್ತೆ, ಮನೇಲಿ ಹೇಳ್ಬಿಡು."

ಆಮೇಲೆ ಅವರು ಕಟ್ಟೆಯ ಮೇಲೆ ಒಂದು ಹೆಜ್ಜೆ ಸರಿದು ನಿಂತರು. ಮುಂದಿನ ಕ್ಯಾನಿನ ಮುಚ್ಚಳ ಎತ್ತಿದವರು ಅದನ್ನು ತಮ್ಮ ಮೂಗಿಗೆ ಒಯ್ಯಲಿಲ್ಲ. ಒಳಮೈಯಿಂದ ಹಾಲು ತೊಟ್ಟಿಕ್ಕುತ್ತಿದ್ದ ಅದನ್ನು ಹಾಗೇ ಹಿಡಿದುಕೊಂಡು, ಅವಳು ಕೋಟಿನ ತೋಳು ಮಡಿಚಿಕೊಂಡು ಬರುವವರೆಗೂ ಕಾದರು.