ಎರಡನೆಯ ಆಟಗಾರ

ವಾಲ್ಟ್ ಪಾವ್ಲಾಕ್ ಪೀಚ್ ಸ್ಟ್ರೀಟಿನ ಗೇಮ್ ಲೌಂಜಿನೊಳಕ್ಕೆ ಕಾಲಿಟ್ಟದ್ದು ಆಡುವುದಕ್ಕಲ್ಲ. ಅಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಟಾಯ್ಲೆಟ್ ಇತ್ತು. ಅವನ ಕೋಟಿನ ಒಳಜೇಬಿನಲ್ಲಿ ಇನ್ನೂ ಮುಚ್ಚಳ ತೆಗೆಯದ ವಿಸ್ಕಿಯ ಚಪ್ಪಟೆ ಬಾಟಲಿ ಇತ್ತು. ಅಕ್ಕ ಬರ್ನಿಸಳ ಮನೆಯಲ್ಲಿ ಕುಡಿಯುವಂತಿಲ್ಲ. ಕುಡಿದರೆ ಆ ಮನೆಯಲ್ಲಿ ಇರುವಂತಿಲ್ಲ. ಬಾರಿಗೆ ಹೋದರೆ ಅವನು ಕೆಲಸ ಮಾಡಿದ್ದ ವೆಲ್ಡಿಂಗ್ ಶಾಪಿನ ಹಳಬರು ಕಂಡೇ ಕಾಣುತ್ತಾರೆ. ಬೀದಿಯಲ್ಲಿ ಕುಡಿಯೋಣವೆಂದರೆ ಈರಿ ಸರೋವರದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಬೆರಳು ಮರಗಟ್ಟಿ ಹೋಗಿತ್ತು.

ಅವತ್ತು ಅವನ ಮಗಳು ಕಾರಾಳ ಮದುವೆ. ಇದೇ ಊರಿನಲ್ಲಿ, ಅವನ ಅಪ್ಪ ಅಮ್ಮ ಮದುವೆಯಾದ ಚರ್ಚಿನಲ್ಲಿ. ಅವಳ ನಿಶ್ಚಿತಾರ್ಥದ ಊಟಕ್ಕೆ ಅವನು ಕುಡಿದು ಹೋಗಿ, ಬೀಗರ ಮುಂದೆ ಏನೇನೋ ಮಾತಾಡಿ, ಕೊನೆಗೆ ಮೇಜಿನ ಬಟ್ಟೆ ಹಿಡಿದೆಳೆದುಕೊಂಡು ಬಿದ್ದಿದ್ದ. ಮರುದಿನ ಮಗಳು ಫೋನ್ ಮಾಡಿದಳು. ಬೈಯಲಿಲ್ಲ. "ಅಪ್ಪ, ಮದುವೆಗೆ ಬರ್ಬೇಡ. ಚರ್ಚಲ್ಲಿ ಪೀಠದವರೆಗೆ ನಿನ್ನ ಕೈ ಹಿಡ್ಕೊಂಡು ನಡೆಯೋಕೆ ನಂಗೆ ಭಯ ಆಗುತ್ತೆ" ಎಂದಳು. ಆಮೇಲೆ ಚಳಿಗಾಲ ಪೂರ್ತಿ ಅವನು ಒಂದು ಹನಿ ಮುಟ್ಟಿರಲಿಲ್ಲ. ಮುಟ್ಟದೆ ಇದ್ದರೆ ಅವಳು ಮನಸ್ಸು ಬದಲಾಯಿಸಬಹುದು ಎಂದು ಕಾದ. ಅವಳು ಬದಲಾಯಿಸಲಿಲ್ಲ. ಬೆಳಿಗ್ಗೆ ಬರ್ನಿಸಳ ನೀಲಿ ಉಡುಪಿನ ಬೆನ್ನಿನ ಜಿಪ್ಪನ್ನು ಅವನೇ ಎಳೆದುಕೊಟ್ಟು, ಅವಳನ್ನು ಮದುವೆಗೆ ಕಳಿಸಿ, ಮದ್ಯದಂಗಡಿಗೆ ನಡೆದಿದ್ದ.

ಲೌಂಜಿನ ಟಾಯ್ಲೆಟ್ ಬಾಗಿಲಿಗೆ ಬೀಗ ಹಾಕಿತ್ತು.

"ಪೈಪ್ ರಿಪೇರಿ ಆಗ್ತಿದೆ ಸಾರ್, ಸ್ವಲ್ಪ ಹೊತ್ತು" ಎಂದ ಕೌಂಟರಿನಲ್ಲಿದ್ದ ಮಾಲೀಕ ಟೆರೆನ್ಸ್. ಪ್ರವೇಶದ ದುಡ್ಡು ತೆಗೆದುಕೊಂಡು ವಾಲ್ಟ್‌ನ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿದ. "ಇದಿದ್ರೆ ರಾತ್ರಿ ಮುಚ್ಚೋವರೆಗೂ ಎಲ್ಲಾ ಮಷೀನೂ ನಿಮ್ದೇ."

ಒಂದು ಕಾಲದಲ್ಲಿ ಚಪ್ಪಲಿ ಅಂಗಡಿಯಾಗಿದ್ದ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಹಳೆಯ ಆಟದ ಯಂತ್ರಗಳು, ಅವುಗಳ ಮುಂದೆ ನರೆಗೂದಲಿನವರು, ಬೋಳುತಲೆಯವರು, ಒಬ್ಬರ ಹೆಗಲಿಗೆ ಒಬ್ಬರು ತಾಗಿಕೊಂಡು ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಪರದೆ ನೋಡಿಕೊಂಡೇ ಮಾತಾಡುತ್ತಿದ್ದರು, ಬೈದಾಡುತ್ತಿದ್ದರು, ನಗುತ್ತಿದ್ದರು. ವಾಲ್ಟ್ ಬಾಗಿಲ ಪಕ್ಕದ ಗೋಡೆಗೆ ಒರಗಿ, ಕೋಟಿನ ಮೇಲಿಂದಲೇ ಬಾಟಲಿ ಮುಟ್ಟಿ ನೋಡಿಕೊಂಡ.

"ರೀ ಯಜಮಾನ್ರೆ, ಸುಮ್ನೆ ನಿಂತಿದ್ದೀರಲ್ಲ, ಇಲ್ಲಿ ಬನ್ನಿ."

ಕರೆದವಳು ಐವತ್ತರ ಆಸುಪಾಸಿನ ದಪ್ಪನೆಯ ಕಪ್ಪು ಹೆಂಗಸು. ಶಾಲೆಯ ಅಡಿಗೆಮನೆಯ ಹೆಸರು ಹೊಲಿದ ಜಾಕೆಟ್ ತೊಟ್ಟಿದ್ದಳು. ಪರದೆಯಿಂದ ಕಣ್ಣು ಕೀಳದೆಯೇ ಕರೆದಿದ್ದಳು.

"ನಂಗೆ ಬರಲ್ಲ" ಎಂದ ವಾಲ್ಟ್.

"ಬರೋದೇನಿದೆ? ಕೆಂಪು ಗುಂಡಿ ಒತ್ತಿದ್ರೆ ಹೊಡೀತೀರಿ, ಹಳದಿ ಒತ್ತಿದ್ರೆ ಹಾರ್ತೀರಿ. ನನ್ನ ಜೊತೆಗಾರ ಇವತ್ತು ಕೈಕೊಟ್ಟಿದ್ದಾನೆ. ಈ ಆಟದಲ್ಲಿ ಸೇತುವೆ ದಾಟೋಕೆ ಇಬ್ಬರು ಬೇಕೇ ಬೇಕು."

ಕಾಯುವುದೇ ಆದರೆ ಎಲ್ಲಿ ನಿಂತರೇನು ಎಂದು ಅವನು ಹೋಗಿ ನಿಂತ. ಪರದೆಯ ಮೇಲಿನ ಮೊದಲ ಬೀದಿಯಲ್ಲೇ ಅವನ ಆಳು ಗೂಂಡಾಗಳ ಕೈಯಲ್ಲಿ ಹೊಡೆಸಿಕೊಂಡು ಸತ್ತ. ಮತ್ತೆ ಎದ್ದು ಮತ್ತೆ ಸತ್ತ.

"ದೇವರೇ, ಗೋಡೆ ಜೊತೆ ಯಾಕ್ರೀ ಜಗಳ ಆಡ್ತೀರಿ? ಗೂಂಡಾ ಈ ಕಡೆ ಇದ್ದಾನೆ."

"ಗೋಡೆ ತಿರುಗಿ ಹೊಡೆಯಲ್ಲ" ಎಂದ ವಾಲ್ಟ್. ತನ್ನ ದನಿ ತನಗೇ ವಿಚಿತ್ರವಾಗಿ ಕೇಳಿತು. ಬರ್ನಿಸಳನ್ನು ಬಿಟ್ಟರೆ ಅವನು ಬೇರೆಯವರೊಂದಿಗೆ ಬಾಯಿ ತೆರೆದು ವಾರಗಳಾಗಿದ್ದವು.

ಹೆಂಗಸು ನಕ್ಕಳು. ಆಡುತ್ತಾ ಆಡುತ್ತಾ ತನ್ನ ಗಂಡನ ವಿಷಯ ಹೇಳಿದಳು. ಅವನಿಗೆ ಮರೆವಿನ ರೋಗ, ಈಚೆಗೆ ಅವಳ ಗುರುತೂ ಹತ್ತುವುದಿಲ್ಲ. ಶನಿವಾರ ಮಧ್ಯಾಹ್ನ ನಾದಿನಿ ಬಂದು ಅವನ ಬಳಿ ಕೂತರೆ ಇವಳು ಇಲ್ಲಿಗೆ ಬರುತ್ತಾಳೆ. "ಮನೇಲಿ ಇಡೀ ದಿನ ಅವನ ಮುಖಾನೇ ನೋಡ್ತೀನಿ. ಇಲ್ಲಿ ಯಾರ ಮುಖಾನೂ ನೋಡ್ಬೇಕಾಗಿಲ್ಲ. ಎಡಗಡೆ ಬಂದ, ಹೊಡೀರಿ." ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು.

ಹೊಡೆಯಲು ವಾಲ್ಟ್ ಮುಂದಕ್ಕೆ ಬಾಗಿದ. ಕೋಟಿನೊಳಗಿನ ಬಾಟಲಿ ಯಂತ್ರದ ಅಂಚಿಗೆ ಬಡಿದು ಠಣ್ ಎಂದಿತು. ಹೆಂಗಸಿನ ಕೈ ಒಂದು ಕ್ಷಣ ನಿಂತು ಮತ್ತೆ ಆಡತೊಡಗಿತು.

ಆಗಲೇ ಟೆರೆನ್ಸ್ ಕೂಗಿದ. "ಟಾಯ್ಲೆಟ್ ಸರಿಹೋಯ್ತು ಸಾರ್, ಹೋಗ್ಬಹುದು."

"ಸೇತುವೆ ಮುಗಿಸಿ ಹೋಗಿ" ಎಂದಳು ಅವಳು.

ಅವನು ನಿಲ್ಲಲಿಲ್ಲ. ಗುಂಡಿಯ ಮೇಲಿದ್ದ ಕೈ ತೆಗೆದು, ಓಡಿದಂತೆಯೇ ಹೋಗಿ ಚಿಲಕ ಹಾಕಿಕೊಂಡ. ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತಿರುಗಿಸಿದ. ಇಷ್ಟು ಹೊತ್ತಿಗೆ ಕಾರಾ ಚರ್ಚಿನ ಪೀಠದ ಕಡೆ ನಡೆದುಹೋಗಿರುತ್ತಾಳೆ. ಯಾರ ಕೈ ಹಿಡಿದು? ಬರ್ನಿಸಳನ್ನು ಕೇಳಿರಲಿಲ್ಲ, ಕೇಳುವ ಧೈರ್ಯ ಅವನಿಗಿರಲಿಲ್ಲ. ಒಂದು ಗುಟುಕು ಕುಡಿದ. ಅದು ಗಂಟಲು ಸುಟ್ಟುಕೊಂಡು ಇಳಿದು ಹೊಟ್ಟೆಯಲ್ಲಿ ಬೆಚ್ಚಗೆ ಕೂತಿತು. ಮೈಯೆಲ್ಲ ಇನ್ನೊಂದನ್ನು ಬೇಡಿತು.

ಬಾಗಿಲು ಬಡಿದ ಸದ್ದು.

"ಯಜಮಾನ್ರೆ. ನಿಮ್ಮ ಆಳು ಸೇತುವೆ ನಡುವೆ ಸುಮ್ನೆ ನಿಂತು ಒದೆ ತಿಂತಿದ್ದಾನೆ. ನನ್ನ ಆಳನ್ನೂ ಅಲ್ಲೇ ಬಿಟ್ಟು ಬಂದಿದ್ದೀನಿ."

"ಹೋಗಿ ನೀವು."

"ಹೋಗಲ್ಲ."

"ಕುಡಿದುಬಿಟ್ಟೆ" ಎಂದ ವಾಲ್ಟ್ ಬಾಗಿಲಿಗೆ. "ಇವತ್ತು ನನ್ನ ಮಗಳ ಮದುವೆ. ನನ್ನ ಕರೀಲಿಲ್ಲ. ನಾನು ಕುಡಿದುಬಿಟ್ಟೆ."

"ಪೂರ್ತೀನಾ?"

"ಒಂದು ಗುಟುಕು."

"ಹಾಗಾದ್ರೆ ಮಿಕ್ಕಿದ್ದನ್ನ ಏನು ಮಾಡ್ತೀರೋ ಮಾಡಿ. ನಾನು ಮಷೀನ್ ಹತ್ರ ಇರ್ತೀನಿ."

ಅವಳ ಹೆಜ್ಜೆ ದೂರವಾಯಿತು. ವಾಲ್ಟ್ ಬಾಟಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಬಾಯಿಯವರೆಗೆ ತಂದು, ಇಳಿಸಿ, ಮತ್ತೆ ತಂದ. ಕೊನೆಗೆ ಕಣ್ಣು ಮುಚ್ಚಿಕೊಂಡು ಸಿಂಕಿಗೆ ಸುರಿದ. ಧೈರ್ಯದಿಂದ ಸುರಿದದ್ದಲ್ಲ. ಇನ್ನೊಂದು ನಿಮಿಷ ತಡವಾದರೆ ತನ್ನಿಂದ ಆಗುವುದಿಲ್ಲವೆಂಬ ದಿಗಿಲಿನಿಂದ. ಸುರಿದ ಮೇಲೂ ಸಿಂಕಿನ ಅಂಚಿನ ಹನಿಗಳತ್ತ ಅವನ ನಾಲಿಗೆ ಎಳೆಯಿತು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ಹೊರಗೆ ಬಂದಾಗ ಅವನ ಮೈಯೆಲ್ಲ ವಿಸ್ಕಿ ನಾರುತ್ತಿತ್ತು. ಹೆಂಗಸು ಮೂಸಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಅವನು ಗುಂಡಿಗಳ ಮೇಲೆ ಕೈಯಿಡಲಿಲ್ಲ. ಫೋನ್ ತೆಗೆದು ಬರ್ನಿಸಳಿಗೆ ಕರೆ ಮಾಡಿದ. ತೆಗೆಯಲಾರಳು ಎಂದುಕೊಂಡಿದ್ದ, ತೆಗೆದಳು. ಅವಳ ಹಿಂದೆ ಅಕಾರ್ಡಿಯನ್ ನುಡಿಯುತ್ತಿತ್ತು, ಜನ ನಗುತ್ತಿದ್ದರು.

"ಅಕ್ಕ, ಕುಡ್ದೆ."

ಬಾಗಿಲೊಂದು ಮುಚ್ಚಿ ಹಿಂದಿನ ಗದ್ದಲ ನಿಂತಿತು. "ಎಷ್ಟು?"

"ಒಂದು ಗುಟುಕು. ಉಗುಳಿದೆ ಅಂತ ಹೇಳ್ಬಹುದಿತ್ತು. ನುಂಗ್ದೆ. ಮಿಕ್ಕಿದ್ದು ಚೆಲ್ಲಿದೆ."

"ಇವತ್ತೇ ಆಗ್ಬೇಕಿತ್ತಾ ವಾಲ್ಟ್?" ಅವಳ ದನಿ ಒಡೆದಿತ್ತು. "ಎಲ್ಲಿದ್ದೀಯ?"

"ವಿಡಿಯೋ ಗೇಮ್ ಆಡೋ ಜಾಗದಲ್ಲಿ."

"ತಮಾಷೆ ಮಾಡ್ಬೇಡ. ಜೊತೇಲಿ ಯಾರಿದ್ದಾರೆ?"

ವಾಲ್ಟ್ ತಿರುಗಿದ. "ನಿಮ್ಮ ಹೆಸರೇನ್ರೀ?"

"ಡೆಲ್ಫೀನ್."

"ಡೆಲ್ಫೀನ್ ಅಂತ ಒಬ್ಬರಿದ್ದಾರೆ."

"ಕೊಡು ಅವರಿಗೆ."

ಡೆಲ್ಫೀನ್ ಫೋನನ್ನು ಭುಜ ಕಿವಿಗಳ ನಡುವೆ ಸಿಕ್ಕಿಸಿಕೊಂಡಳು. "ಹ್ಞೂಂ, ನೆಟ್ಟಗೆ ನಿಂತಿದ್ದಾರೆ. ಇಲ್ಲ, ನನಗೂ ಇವತ್ತೇ ಪರಿಚಯ. ಆಟ ಬರಲ್ಲ ಇವರಿಗೆ, ಆದ್ರೂ ಇದ್ದಾರೆ. ಸಂಜೆವರೆಗೂ ನಾನು ಇಲ್ಲೇ ಇರ್ತೀನಿ. ನೀವು ಊಟ ಮುಗಿಸ್ಕೊಂಡೇ ಬನ್ನಿ, ಕೇಕು ಬಿಡ್ಬೇಡಿ."

ಕಾರಾ ಹೇಗೆ ಕಾಣುತ್ತಿದ್ದಾಳೆ ಎಂದು ಕೇಳಲು ವಾಲ್ಟ್ ಕೈ ಚಾಚುವಷ್ಟರಲ್ಲಿ ಬರ್ನಿಸ್ ಫೋನ್ ಇಟ್ಟಿದ್ದಳು. ಮತ್ತೆ ಮಾಡಿ ಕೇಳಲು ಬಾಯಿ ಬರಲಿಲ್ಲ. ಕುಡಿಯಬೇಕೆಂಬ ಆಸೆ ಹೊಟ್ಟೆಯಲ್ಲಿ ಹಾಗೆಯೇ ಕೂತಿತ್ತು. ಹೊರಗೆ, ಮೂಲೆ ತಿರುಗಿದರೆ, ಆ ಮದ್ಯದಂಗಡಿ ಇನ್ನೂ ತೆರೆದಿತ್ತು.

"ಮೊದಲಿಂದ ಶುರು ಮಾಡ್ಬೇಕು, ಇಬ್ಬರೂ ಸತ್ತಿದ್ದೀವಿ" ಎಂದಳು ಡೆಲ್ಫೀನ್.

ವಾಲ್ಟ್ ಕೋಟು ತೆಗೆದು ಸ್ಟೂಲಿನ ಮೇಲೆ ಹಾಕಿ ಅವಳ ಪಕ್ಕ ನಿಂತ. ಕಣ್ಣೀರು ಗಲ್ಲದವರೆಗೂ ಇಳಿಯುತ್ತಿತ್ತು, ಒರೆಸಲು ಕೈಗೆ ಬಿಡುವಿರಲಿಲ್ಲ. ಅವಳು ಪರದೆಯನ್ನೇ ನೋಡುತ್ತಾ, ಯಾವನು ಯಾವ ಕಡೆಯಿಂದ ಬರುತ್ತಾನೆಂದು ಹೇಳಿಕೊಡುತ್ತಿದ್ದಳು.